ಬೆಳಕು, ಮೂಳೆ ಮತ್ತು ತಾಳ್ಮೆ: ದಂತವೈದ್ಯಕ್ಕೆ ಅಲ್ಪಶಕ್ತಿಯ ಲೇಸರ್ ಬಂದ ದಾರಿ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು, ಹೋದ ಹಲ್ಲು ಮರಳಿ ಬಾರದೆಂಬುದನ್ನು ವಿಧಿಯೆಂದೇ ಒಪ್ಪಿಕೊಂಡಿದ್ದರು. ಈಗ ಕಾಲ ಬದಲಾಗಿದೆ. ದವಡೆಯ ಮೂಳೆಯೊಳಗೆ ಟೈಟೇನಿಯಂ ತಿರುಪನ್ನು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟ್ ಚಿಕಿತ್ಸೆ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಸಾಮಾನ್ಯವಾಗಿಬಿಟ್ಟಿದೆ. ನಾವಿರುವ ಬ್ರಿಟನ್ನಿನಲ್ಲಿ ಎನ್‌ಎಚ್‌ಎಸ್ ಈ ಚಿಕಿತ್ಸೆಯನ್ನು ವಿಶೇಷ ಸಂದರ್ಭಗಳಲ್ಲಲ್ಲದೆ ಕೊಡುವುದಿಲ್ಲ. ಖಾಸಗಿ ದಂತವೈದ್ಯರ ಶುಲ್ಕವೋ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಊರಿಗೆ ಹೋದಾಗಲೇ ಹಲ್ಲಿನ ಕೆಲಸ ಮುಗಿಸಿಕೊಂಡು ಬರುವುದು ನಮ್ಮ ಸಂಘದ ಅನೇಕ ಕುಟುಂಬಗಳ ರೂಢಿಯಾಗಿದೆ.

ದವಡೆಯಲ್ಲಿ ಮೂಳೆ ಸಾಲದು, ಮೊದಲು ಮೂಳೆ ಕಸಿ ಮಾಡಬೇಕು ಎಂದು ವೈದ್ಯರು ಹೇಳಿದಾಗ ತೊಡಕು ಆರಂಭವಾಗುತ್ತದೆ. ಕಸಿ ಮಾಡಿದ ಮೂಳೆ ಕೂಡಿಕೊಳ್ಳಲು ತಿಂಗಳುಗಳು ಬೇಕು. ರಜೆಯಿರುವುದು ಮೂರೋ ನಾಲ್ಕೋ ವಾರ. ಆಗ ‘ಲೇಸರ್ ಬೆಳಕು ಕೊಟ್ಟರೆ ಮೂಳೆ ಬೇಗ ಕೂಡುತ್ತದಂತೆ, ನಿಜವೇ?’ ಎಂಬ ಪ್ರಶ್ನೆ ಸಂಘದ ವೈದ್ಯರಾದ ನಮ್ಮ ಬಳಿಗೆ ಬರುತ್ತದೆ. ನಾವು ದಂತವೈದ್ಯರಲ್ಲ. ಆದರೆ ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದಕ್ಕಿಂತ, ಈ ಚಿಕಿತ್ಸೆ ಎಲ್ಲಿ ಹುಟ್ಟಿ ಹೇಗೆ ಬೆಳೆಯಿತೆಂಬುದನ್ನು ವಿವರಿಸಿದರೆ ಓದುಗರು ತಾವೇ ನಿರ್ಣಯಿಸಬಲ್ಲರೆಂದು ನಂಬಿ ಈ ಲೇಖನವನ್ನು ಬರೆಯುತ್ತಿದ್ದೇವೆ. ಇದು ಎರಡು ಇತಿಹಾಸಗಳ ಸಂಗಮ: ಒಂದು ಮೂಳೆಯದು, ಇನ್ನೊಂದು ಬೆಳಕಿನದು.

ಮೂಳೆಯ ಕಸಿ

ಮಾವಿನ ಗಿಡಕ್ಕೆ ಕಸಿ ಕಟ್ಟುವುದನ್ನು ನೋಡಿ ಬೆಳೆದ ನಮಗೆ ‘ಕಸಿ’ ಎಂಬ ಪದ ಹೊಸದಲ್ಲ. ಮೂಳೆಗೆ ಕಸಿ ಮಾಡಿದ ಬಹು ಹಳೆಯ ದಾಖಲೆಯೊಂದು ಹಾಲೆಂಡಿನ ಶಸ್ತ್ರವೈದ್ಯ ಯೋಬ್ ವಾನ್ ಮೇಕರೆನ್ ಬರೆದ, 1668ರಲ್ಲಿ ಪ್ರಕಟವಾದ ಗ್ರಂಥದಲ್ಲಿದೆ. ತಲೆಬುರುಡೆಗೆ ಪೆಟ್ಟು ಬಿದ್ದ ರಷ್ಯದ ಯೋಧನೊಬ್ಬನಿಗೆ ನಾಯಿಯ ತಲೆಬುರುಡೆಯ ತುಂಡನ್ನು ಕೂರಿಸಿ ಗುಣಪಡಿಸಲಾಯಿತೆಂದು ತಾನು ಕೇಳಿದ ಸಂಗತಿಯನ್ನು ಆತ ಅಲ್ಲಿ ದಾಖಲಿಸಿದ್ದಾನೆ. ಗಾಯವೇನೋ ಮಾಯಿತು, ಆದರೆ ಪ್ರಾಣಿಯ ಮೂಳೆ ಹೊತ್ತವನೆಂದು ಚರ್ಚು ಅವನಿಗೆ ಬಹಿಷ್ಕಾರ ಹಾಕಿತು. ಆ ಮೂಳೆಯನ್ನು ತೆಗೆದುಬಿಡಿ ಎಂದು ಅವನು ಬೇಡಿಕೊಂಡಾಗ, ಅದು ಆಗಲೇ ಅವನ ತಲೆಬುರುಡೆಯೊಂದಿಗೆ ಒಂದಾಗಿಹೋಗಿತ್ತಂತೆ. ಈ ಕಥೆಯ ಸತ್ಯಾಸತ್ಯತೆ ಏನೇ ಇರಲಿ, ಅದು ಎತ್ತಿದ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ಅದನ್ನು ಮುಂದೆ ನೋಡೋಣ.

ವಿಶ್ವಾಸಾರ್ಹ ಇತಿಹಾಸ ಆರಂಭವಾಗುವುದು ಹತ್ತೊಂಬತ್ತನೆಯ ಶತಮಾನದಲ್ಲಿ. ಫ್ರಾನ್ಸಿನ ಲಿಯೋ ನಗರದ ಲೂಯಿ ಒಲಿಯೆ ಮೂಳೆಯ ಪುನರುತ್ಪತ್ತಿಯನ್ನು ಕುರಿತ ತನ್ನ ಬೃಹತ್ ಗ್ರಂಥವನ್ನು 1867ರಲ್ಲಿ ಪ್ರಕಟಿಸಿದ. ನಮ್ಮ ನೆರೆಯ ಗ್ಲಾಸ್ಗೋದಲ್ಲಿ ವಿಲಿಯಂ ಮೆಕ್ಯೂಯನ್, ಸೋಂಕಿನಿಂದ ತೋಳಿನ ಮೂಳೆಯನ್ನೇ ಕಳೆದುಕೊಂಡಿದ್ದ ಪುಟ್ಟ ಬಾಲಕನಿಗೆ ಬೇರೆ ಮಕ್ಕಳ ಮೂಳೆಯ ಚೂರುಗಳನ್ನು ಜೋಡಿಸಿ ತೋಳು ಕಟ್ಟಿಕೊಟ್ಟ. ಆ ಚೂರುಗಳು ರಿಕೆಟ್ಸ್ ರೋಗದಿಂದ ಬಾಗಿದ ಕಾಲುಗಳನ್ನು ನೇರಗೊಳಿಸುವಾಗ ಹೊರತೆಗೆದವು. ಇಲ್ಲವಾದರೆ ಕಸದ ಪಾಲಾಗುತ್ತಿದ್ದವು. ಈ ಶಸ್ತ್ರಕ್ರಿಯೆಯ ವರದಿ 1881ರಲ್ಲಿ ರಾಯಲ್ ಸೊಸೈಟಿಯ ಮುಂದೆ ಬಂತು.

ಕಸಿಯ ಮೂಳೆ ಹೇಗೆ ಕೂಡಿಕೊಳ್ಳುತ್ತದೆ? ಕಸಿಯ ಬಹುಪಾಲು ಮೂಳೆ ಸತ್ತುಹೋಗುತ್ತದೆ, ಹೊಸ ಮೂಳೆ ಅದರ ಜಾಗವನ್ನು ಆಕ್ರಮಿಸುತ್ತದೆ ಎಂದು ಜರ್ಮನಿಯ ಆರ್ಥರ್ ಬಾರ್ತ್ 1893ರಲ್ಲಿ ತೋರಿಸಿದ. ಹಳೆಯ ಮೂಳೆ ಕರಗುತ್ತ, ಹೊಸದು ತೆವಳಿಕೊಂಡು ಅದರೊಳಗೆ ನುಗ್ಗುವ ಈ ಕ್ರಿಯೆಯನ್ನು ಅಮೆರಿಕದ ಡಲ್ಲಾಸ್ ಫೆಮಿಸ್ಟರ್ 1914ರಲ್ಲಿ ವಿಶದವಾಗಿ ವರ್ಣಿಸಿದ. ಅಂದರೆ ಕಸಿಯ ಮೂಳೆ ಮನೆ ಕಟ್ಟುವಾಗ ನಿಲ್ಲಿಸುವ ಸಾರುವೆಯಿದ್ದಂತೆ. ಗೋಡೆ ಕಟ್ಟುವವರು ನಮ್ಮ ದೇಹದ ಜೀವಕೋಶಗಳೇ. ಅವರನ್ನು ಕೆಲಸಕ್ಕೆ ಕರೆಯುವ ರಾಸಾಯನಿಕ ಸಂದೇಶವೂ ಮೂಳೆಯಲ್ಲಿಯೇ ಅಡಗಿದೆಯೆಂದು ಲಾಸ್ ಏಂಜಲಿಸಿನ ಮಾರ್ಷಲ್ ಯೂರಿಸ್ಟ್ 1965ರಲ್ಲಿ ಸಿದ್ಧಪಡಿಸಿದ: ಸುಣ್ಣದಂಶವನ್ನು ತೆಗೆದ ಮೂಳೆಯ ತುಂಡನ್ನು ಸ್ನಾಯುವಿನೊಳಗೆ ಇಟ್ಟಾಗ, ಮೂಳೆಯೇ ಇಲ್ಲದ ಆ ಜಾಗದಲ್ಲಿ ಹೊಸ ಮೂಳೆ ಹುಟ್ಟಿತು.

ಅದೇ 1965ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮನುಷ್ಯನ ದವಡೆಗೆ ಮೊದಲ ಬಾರಿ ಟೈಟೇನಿಯಂ ಇಂಪ್ಲಾಂಟ್ ಕೂರಿಸಿದ. 1952ರ ಸುಮಾರಿನಲ್ಲಿ ಮೊಲದ ಮೂಳೆಯೊಳಗಿನ ರಕ್ತಸಂಚಾರವನ್ನು ನೋಡಲು ಇಟ್ಟಿದ್ದ ಟೈಟೇನಿಯಂ ಉಪಕರಣವು ಮೂಳೆಯೊಂದಿಗೆ ಬೆಸೆದುಹೋಗಿ ಹೊರಗೆ ಬಾರದಿದ್ದುದೇ ಅವನಿಗೆ ಈ ಹೊಳಹು ನೀಡಿತ್ತು. 1982ರಲ್ಲಿ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ನಂತರ ಜಗತ್ತಿನ ದಂತವೈದ್ಯರು ಇದನ್ನು ಒಪ್ಪಿಕೊಂಡರು.

ತಿರುಪು ನಿಲ್ಲಬೇಕಾದರೆ ಗೋಡೆ ಗಟ್ಟಿಯಿರಬೇಕಷ್ಟೆ. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಮೂಳೆಯೂ ಕೆಲಸವಿಲ್ಲದೆ ಕರಗತೊಡಗುತ್ತದೆ. ಮೊದಲ ವರ್ಷದಲ್ಲಿಯೇ ಆ ಜಾಗದ ದವಡೆಯ ಅಗಲ ಸುಮಾರು ಅರ್ಧದಷ್ಟು ಕುಗ್ಗಬಹುದು. ಅದರ ಹೆಚ್ಚಿನ ಪಾಲು ಮೊದಲ 3 ತಿಂಗಳಲ್ಲೇ ಆಗಿಹೋಗುತ್ತದೆ. ಮೇಲ್ದವಡೆಯ ಹಿಂಭಾಗದಲ್ಲಿ ಮೂಗಿನ ಪಕ್ಕದ ಗಾಳಿಕೋಣೆ ಕೆಳಗಿಳಿದು ಇನ್ನಷ್ಟು ತೊಂದರೆಯಾಗುತ್ತದೆ. ಆ ಕೋಣೆಯ ತಳದ ಪೊರೆಯನ್ನು ಮೇಲೆತ್ತಿ ಕೆಳಗೆ ಮೂಳೆ ತುಂಬುವ ವಿಧಾನವನ್ನು ಫಿಲಿಪ್ ಬಾಯ್ನ್ ಮತ್ತು ಜೇಮ್ಸ್ 1980ರಲ್ಲಿ ಪ್ರಕಟಿಸಿದರು. ಹೀಗೆ ಇಂಪ್ಲಾಂಟಿನ ಬೆನ್ನಿಗೆ ಮೂಳೆ ಕಸಿಯೂ ದಂತವೈದ್ಯದ ನಿತ್ಯಕರ್ಮವಾಯಿತು. ಅದರೊಂದಿಗೆ ನಾಲ್ಕು ತಿಂಗಳು, ಆರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚಿನ ಕಾಯುವಿಕೆಯೂ ಬಂತು. ಲೇಸರ್ ಒಳಗೆ ಬಂದದ್ದು ಈ ಕಾಯುವಿಕೆಯ ಬಾಗಿಲಿನಿಂದ.

ಬೆಳಕಿನ ಚಿಕಿತ್ಸೆ

ಬೆಳಕಿನಿಂದ ರೋಗ ವಾಸಿಮಾಡಬಹುದೆಂಬುದನ್ನು ಆಧುನಿಕ ವೈದ್ಯದಲ್ಲಿ ಸ್ಥಾಪಿಸಿದವನು ಫರೋ ದ್ವೀಪಗಳಲ್ಲಿ ಹುಟ್ಟಿದ ನೀಲ್ಸ್ ಫಿನ್ಸೆನ್. ಚರ್ಮದ ಕ್ಷಯಕ್ಕೆ ಸಾಂದ್ರಗೊಳಿಸಿದ ಬೆಳಕಿನ ಚಿಕಿತ್ಸೆ ನೀಡಿದ್ದಕ್ಕಾಗಿ ಅವನಿಗೆ 1903ರ ನೊಬೆಲ್ ಪ್ರಶಸ್ತಿ ಸಂದಿತು. ಡೆನ್ಮಾರ್ಕಿನ ರಾಜಪುತ್ರಿಯಾಗಿದ್ದು ಮುಂದೆ ಬ್ರಿಟನ್ನಿನ ರಾಣಿಯಾದ ಅಲೆಕ್ಸಾಂಡ್ರಾ 1900ರಲ್ಲಿ ಈ ದೀಪವನ್ನು ಲಂಡನ್ ಆಸ್ಪತ್ರೆಗೆ ತರಿಸಿಕೊಟ್ಟಳು. ಲಂಡನ್ನಿನಲ್ಲಿರುವ ನಮ್ಮ ಸದಸ್ಯರು ವೈಟ್‌ಚಾಪೆಲ್ ಕಡೆ ಹೋದರೆ, ಆ ಆಸ್ಪತ್ರೆಯಲ್ಲಿರುವ ರಾಣಿಯ ಪ್ರತಿಮೆಯ ಪೀಠದಲ್ಲಿ ಈ ದೀಪಚಿಕಿತ್ಸೆಯ ಉಬ್ಬುಚಿತ್ರವನ್ನು ಕಾಣಬಹುದು.

ಲೇಸರಿಗೆ ಬೇಕಾದ ಭೌತತತ್ತ್ವವನ್ನು ಐನ್‌ಸ್ಟೈನ್ 1917ರಲ್ಲಿ ನಿರೂಪಿಸಿದ್ದರೂ ಅದು ಉಪಕರಣದ ರೂಪ ತಾಳಿದ್ದು 1960ರ ಮೇ 16ರಂದು, ಕ್ಯಾಲಿಫೋರ್ನಿಯದಲ್ಲಿ, ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಕೆಂಪು ಕಿರಣ ಹೊಮ್ಮಿಸಿದಾಗ. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಇಂಗಾಲದ ಡೈಆಕ್ಸೈಡ್ ಲೇಸರನ್ನು ಕಂಡುಹಿಡಿದರು. ಅದು ಶಸ್ತ್ರವೈದ್ಯರ ಕೈಯ ಬೆಳಕಿನ ಚಾಕುವಾಯಿತು.

ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ವಸಡು ಕತ್ತರಿಸುವ, ಹಲ್ಲು ಕೊರೆಯುವ ಲೇಸರ್ ಬೇರೆ. ನಾವು ಹೇಳಹೊರಟಿರುವ ಲೇಸರ್ ಬೇರೆ. ಮೊದಲನೆಯದು ಶಾಖದಿಂದ ಕೆಲಸ ಮಾಡುತ್ತದೆ. ಎರಡನೆಯದರ ಶಕ್ತಿ ಸಾಮಾನ್ಯವಾಗಿ ಅರ್ಧ ವ್ಯಾಟಿಗಿಂತ ಕಡಿಮೆ. ಚರ್ಮದ ಮೇಲೆ ಹಿಡಿದರೆ ಬಿಸಿಯೂ ತಿಳಿಯದು. ಎರಡಕ್ಕೂ ‘ಲೇಸರ್’ ಎಂಬ ಒಂದೇ ಹೆಸರಿರುವುದರಿಂದ ಒಂದರ ಕೀರ್ತಿ ಇನ್ನೊಂದಕ್ಕೂ ಅಂಟಿಕೊಂಡಿದೆ.

ಬುಡಾಪೆಸ್ಟಿನ ಇಲಿಗಳು

ಅಲ್ಪಶಕ್ತಿಯ ಲೇಸರಿನ ಚಿಕಿತ್ಸೆ ಹುಟ್ಟಿದ್ದು ಒಂದು ಸೋತ ಪ್ರಯೋಗದಿಂದ. ಬಾಸ್ಟನ್ನಿನ ಪಾಲ್ ಮೆಕ್‌ಗಫ್ ಮಾಣಿಕ್ಯದ ಲೇಸರಿನಿಂದ ಪ್ರಾಣಿಗಳ ಕ್ಯಾನ್ಸರ್ ಗಡ್ಡೆಗಳನ್ನು ನಾಶಮಾಡಿದ್ದನ್ನು ಓದಿ, ಹಂಗೇರಿಯ ಬುಡಾಪೆಸ್ಟಿನ ಶಸ್ತ್ರವೈದ್ಯ ಎಂಡ್ರೆ ಮೆಸ್ಟರ್ 1960ರ ದಶಕದ ನಡುವಿನಲ್ಲಿ ಅದನ್ನೇ ಪುನರಾವರ್ತಿಸಲು ಹೊರಟ. ಆದರೆ ಅವನ ಬಳಿಯಿದ್ದ ಲೇಸರಿನ ಶಕ್ತಿ ಬಹಳ ಕಡಿಮೆ. ಗಡ್ಡೆಗಳು ಕರಗಲಿಲ್ಲ. ಬೇರೆಯವರಾಗಿದ್ದರೆ ಉಪಕರಣವನ್ನು ಮೂಲೆಗೆ ತಳ್ಳಿ ಸುಮ್ಮನಾಗುತ್ತಿದ್ದರು. ಮೆಸ್ಟರ್ ಮಾತ್ರ ಮತ್ತೊಂದನ್ನು ಕಂಡ: ಪ್ರಯೋಗಕ್ಕಾಗಿ ಬೋಳಿಸಿದ್ದ ಇಲಿಗಳ ಮೈಯಲ್ಲಿ, ಬೆಳಕು ಬಿದ್ದ ಕಡೆ ಕೂದಲು ಬೇಗ ಹುಟ್ಟಿತ್ತು, ಗಾಯಗಳೂ ಬೇಗ ಮಾದಿದ್ದವು. 1967ರಲ್ಲಿ ಅವನು ಪ್ರಕಟಿಸಿದ ಈ ಫಲಿತಾಂಶವೇ ಮುಂದಿನ ಎಲ್ಲಕ್ಕೂ ಮೂಲ. ಇದನ್ನು ಅವನು ಜೀವೋತ್ತೇಜನವೆಂದು ಕರೆದ. ಮಾಯದ ಹಳೆಯ ಹುಣ್ಣುಗಳಿಂದ ನರಳುತ್ತಿದ್ದ ರೋಗಿಗಳಿಗೂ ಕೊಟ್ಟು ನೋಡಿದ.

ಆ ಕಾಲದಲ್ಲಿ ಯುರೋಪು ಎರಡು ಹೋಳಾಗಿತ್ತು. ಈ ವಿದ್ಯೆ ಮೊದಲು ಬೇರುಬಿಟ್ಟದ್ದು ಪೂರ್ವ ಯುರೋಪು ಮತ್ತು ಸೋವಿಯತ್ ದೇಶಗಳಲ್ಲಿ. ಪಶ್ಚಿಮದ ವೈದ್ಯರು ಬಹುಕಾಲ ಇದನ್ನು ಸಂಶಯದಿಂದಲೇ ನೋಡಿದರು. ಆ ಸಂಶಯಕ್ಕೆ ಕಾರಣವೂ ಇತ್ತು: ಬಿಸಿಯನ್ನೂ ಉಂಟುಮಾಡದ ಬೆಳಕು ಜೀವಕೋಶದೊಳಗೆ ಏನು ಮಾಡೀತು?

ಇದಕ್ಕೊಂದು ಉತ್ತರ ಕೊಟ್ಟವರು ಸೋವಿಯತ್ ಒಕ್ಕೂಟದ ತೀನಾ ಕಾರು. ನಮ್ಮ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಗಳೆಂಬ ಶಕ್ತಿಕೇಂದ್ರಗಳಿವೆ. ಅವುಗಳಲ್ಲಿ ಆಮ್ಲಜನಕವನ್ನು ಬಳಸುವ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವವಿದೆ. ಈ ಕಿಣ್ವ ಕೆಂಪು ಮತ್ತು ಅದರಾಚೆಯ ಅವಕೆಂಪು ಬೆಳಕನ್ನು ಹೀರಿಕೊಂಡು ಚುರುಕಾಗುತ್ತದೆ, ಕೋಶಕ್ಕೆ ಹೆಚ್ಚಿನ ಶಕ್ತಿ ಒದಗಿಸುತ್ತದೆ ಎಂದು 1980ರ ದಶಕದಲ್ಲಿ ಅವರು ವಾದಿಸಿದರು. ವಿಚಿತ್ರವೆಂದರೆ, ಇದೇ ಕಿಣ್ವದ ಗುಟ್ಟು ಬಯಲಾದದ್ದೂ ಬೆಳಕಿನಿಂದಲೇ. ಇಂಗಾಲದ ಮಾನಾಕ್ಸೈಡ್ ಅನಿಲದಿಂದ ನಿಂತುಹೋದ ಯೀಸ್ಟ್ ಕೋಶಗಳ ಉಸಿರಾಟ ಬೆಳಕು ಬಿದ್ದೊಡನೆ ಮತ್ತೆ ಆರಂಭವಾಗುವುದನ್ನು ನೋಡಿ ಜರ್ಮನಿಯ ಓಟೋ ವಾರ್‌ಬುರ್ಗ್ ಆ ಕಿಣ್ವದ ಸ್ವರೂಪವನ್ನು ಊಹಿಸಿದ್ದ. 1931ರ ನೊಬೆಲ್ ಪ್ರಶಸ್ತಿ ಆ ಕೆಲಸಕ್ಕೆ ಬಂದದ್ದು. ಕಾರು ಅವರ ವಿವರಣೆ ಇಂದಿಗೂ ಪ್ರಮುಖವಾದುದು, ಆದರೆ ಚರ್ಚೆ ಮುಗಿದಿಲ್ಲ.

ಕೆಂಪು ಬೆಳಕೇ ಏಕೆ? ಕತ್ತಲಲ್ಲಿ ಮಕ್ಕಳು ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದರೆ ಕೈ ಕೆಂಪಗೆ ಹೊಳೆಯುವುದನ್ನು ಎಲ್ಲರೂ ನೋಡಿದ್ದೇವೆ. ಉಳಿದ ಬಣ್ಣಗಳನ್ನು ರಕ್ತ ಹೀರಿಕೊಳ್ಳುತ್ತದೆ. ಕೆಂಪು ಮಾತ್ರ ದಾಟಿ ಬರುತ್ತದೆ. ಹೀಗಾಗಿಯೇ ಚಿಕಿತ್ಸೆಯ ಲೇಸರುಗಳು ಹೆಚ್ಚಾಗಿ 600ರಿಂದ 1,000 ನ್ಯಾನೊಮೀಟರ್ ತರಂಗಾಂತರದಲ್ಲಿವೆ.

ಪ್ರಮಾಣವೂ ಮುಖ್ಯ. ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಬೆಳಕು ತೀರಾ ಕಡಿಮೆಯಾದರೆ ಪರಿಣಾಮವಿಲ್ಲ. ಹದವಾಗಿದ್ದರೆ ಕೋಶಗಳಿಗೆ ಉತ್ತೇಜನ. ಹೆಚ್ಚಾದರೆ ಅದೇ ಬೆಳಕು ಅವುಗಳ ಕೆಲಸವನ್ನು ಕುಂಠಿತಗೊಳಿಸುತ್ತದೆ. ‘ಸ್ವಲ್ಪ ಜಾಸ್ತಿಯೇ ಕೊಡಿ ಡಾಕ್ಟರೇ’ ಎಂಬ ನಮ್ಮ ಊರಿನ ರೂಢಿಯ ಮಾತು ಇಲ್ಲಿ ಸಲ್ಲದು.

ಬೆಳಕು ಮೂಳೆಯನ್ನು ತಲುಪಿದ್ದು

ಮೂಳೆಯ ಮೇಲಿನ ಪ್ರಯೋಗಗಳಲ್ಲಿ ಹೆಸರಾದದ್ದು ಸ್ಪೇನಿನ ಟ್ರೆಲ್ಲೆಸ್ ಮತ್ತು ಮಯಾಯೊ ಅವರದು. ಇಲಿಗಳ ಮುರಿದ ಕಾಲಿನ ಮೂಳೆ ಅಲ್ಪಶಕ್ತಿಯ ಲೇಸರಿನಿಂದ ಬೇಗ ಕೂಡಿತೆಂದು ಅವರು 1987ರಲ್ಲಿ ವರದಿ ಮಾಡಿದರು. 1997ರಲ್ಲಿ ಜಪಾನಿನ ಸೈಟೊ ಮತ್ತು ಶಿಮಿಜು, ಇಲಿಗಳ ಅಂಗುಳನ್ನು ಅಗಲಗೊಳಿಸಿ ನಡುವಿನ ಸೀಳಿನಲ್ಲಿ ಹೊಸ ಮೂಳೆ ಬೆಳೆಯುವುದನ್ನು ಅಳೆದರು. ಮೊದಲ ದಿನಗಳಲ್ಲಿ ಕೊಟ್ಟ ಬೆಳಕು ಫಲ ನೀಡಿತು. ತಡವಾಗಿ ಕೊಟ್ಟದ್ದು ನೀಡಲಿಲ್ಲ. ಮರುವರ್ಷ ಜಪಾನಿನ ಒಜಾವಾ ಮತ್ತು ಸಂಗಡಿಗರು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮೂಳೆಕೋಶಗಳಲ್ಲಿಯೂ ಇದನ್ನೇ ಕಂಡರು. ಬೀಜ ಮೊಳೆಯುವಾಗ ಹಾಯಿಸಿದ ನೀರಿಗೂ ಬೆಳೆ ಬಲಿತ ಮೇಲೆ ಹಾಯಿಸಿದ ನೀರಿಗೂ ಇರುವ ವ್ಯತ್ಯಾಸವಿದು.

ಕಸಿಯ ಮೂಳೆಗೆ ಈ ಪ್ರಶ್ನೆಯನ್ನು ನೇರವಾಗಿ ಒಡ್ಡಿದವರಲ್ಲಿ ಬ್ರೆಜಿಲಿನ ಬಾಹಿಯಾ ಪ್ರಾಂತ್ಯದ ಆಂತೋನಿಯೊ ಪಿನ್ಯೆರೊ ಮತ್ತು ಅವರ ತಂಡ ಪ್ರಮುಖರು. ಇಲಿಗಳ ತೊಡೆಮೂಳೆಯಲ್ಲಿ ರಂಧ್ರ ಮಾಡಿ, ದನದ ಮೂಳೆಯಿಂದ ತಯಾರಿಸಿದ ಕಸಿವಸ್ತುವನ್ನು ತುಂಬಿ, 830 ನ್ಯಾನೊಮೀಟರಿನ ಅವಕೆಂಪು ಬೆಳಕನ್ನು 48 ಗಂಟೆಗೊಮ್ಮೆ ಸುಮಾರು ಎರಡು ವಾರ ಕೊಟ್ಟರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಬೆಳಕು ಪಡೆದ ಇಲಿಗಳಲ್ಲಿ ಮೂಳೆ ತುಂಬಿಕೊಂಡದ್ದು ಉತ್ತಮವಾಗಿ ಕಂಡಿತು. ಇಂತಹ ಪ್ರಾಣಿಪ್ರಯೋಗಗಳು ಆ ನಂತರ ಹಲವು ದೇಶಗಳಲ್ಲಿ ನಡೆದಿವೆ. ಹೆಚ್ಚಿನವು ಇದೇ ದಿಕ್ಕಿನತ್ತ ಕೈ ತೋರುತ್ತವೆ.

ಆದರೆ ಇಲಿ ಮನುಷ್ಯನಲ್ಲ. ಇಲಿಯ ಮೂಳೆ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಬೆಳಕು ದಾಟಬೇಕಾದ ಮಾಂಸವೂ ತೆಳು. ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ಚಿಕ್ಕವು, ಒಂದಕ್ಕೊಂದು ಹೊಂದದವು: ಒಬ್ಬರ ತರಂಗಾಂತರ ಇನ್ನೊಬ್ಬರದಲ್ಲ, ಒಬ್ಬರ ಪ್ರಮಾಣ ಇನ್ನೊಬ್ಬರದಲ್ಲ. 2012ರಲ್ಲಿ ಪ್ರಕಟವಾದ ಬ್ರೆಜಿಲಿನ ಒಂದು ಅಚ್ಚುಕಟ್ಟಾದ ಪರೀಕ್ಷೆಯಲ್ಲಿ 8 ರೋಗಿಗಳ ಕೆಳದವಡೆಗೆ 30 ಇಂಪ್ಲಾಂಟುಗಳನ್ನು ಕೂರಿಸಿ, ಒಂದು ಪಕ್ಕಕ್ಕೆ ಮಾತ್ರ ಲೇಸರ್ ಕೊಟ್ಟರು. ಇಂಪ್ಲಾಂಟಿನ ಬಿಗಿತದಲ್ಲಿ ಎರಡು ಪಕ್ಕಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಬೇರೆ ಕೆಲವು ಪರೀಕ್ಷೆಗಳು ಲಾಭವನ್ನು ತೋರಿಸಿವೆ. ಒಟ್ಟಾರೆ ಹೇಳುವುದಾದರೆ, ಆರಂಭದ ವಾರಗಳಲ್ಲಿ ಗುಣವಾಗುವಿಕೆ ಸ್ವಲ್ಪ ಚುರುಕಾಗಬಹುದು, ನೋವು ಬಾವು ಕಡಿಮೆಯಾಗಬಹುದು; ತಿಂಗಳುಗಳ ಕೆಲಸವನ್ನು ಬೆಳಕು ವಾರಗಳಲ್ಲಿ ಮುಗಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಮಣಿಪಾಲದ ಪಾಠ

ಹಾಗಾದರೆ ಈ ಬೆಳಕಿನ ಚಿಕಿತ್ಸೆಯೇ ಹುಸಿಯೇ? ಅಲ್ಲ. ಇದಕ್ಕೆ ನಮ್ಮ ಕರ್ನಾಟಕದಲ್ಲಿಯೇ ಉತ್ತರವಿದೆ. ಹೊಗೆಸೊಪ್ಪು, ಗುಟ್ಕಾ, ಅಡಿಕೆಗಳ ಕಾರಣದಿಂದ ಬಾಯಿಯ ಕ್ಯಾನ್ಸರ್ ನಮ್ಮ ನಾಡಿನಲ್ಲಿ ಹೆಚ್ಚು. ಅದಕ್ಕೆ ವಿಕಿರಣ ಚಿಕಿತ್ಸೆ ಕೊಟ್ಟಾಗ ಬಾಯೆಲ್ಲ ಹುಣ್ಣಾಗಿ ರೋಗಿ ಗುಟುಕು ಗಂಜಿಯನ್ನೂ ನುಂಗಲಾರದಂತಾಗುತ್ತಾನೆ. ಮಣಿಪಾಲದ ಸಂಶೋಧಕರು ಇಂತಹ 50 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕನ್ನು ಕೊಟ್ಟು, ಹುಣ್ಣಿನ ತೀವ್ರತೆ ಮತ್ತು ನೋವು ಆ ಗುಂಪಿನಲ್ಲಿ ಕಡಿಮೆಯಾದುದನ್ನು 2006ರಲ್ಲಿ ವರದಿ ಮಾಡಿದರು. ಅಷ್ಟಕ್ಕೇ ನಿಲ್ಲದೆ, ಮುಂದಿನ ವರ್ಷಗಳಲ್ಲಿ ಇನ್ನೂರಕ್ಕೂ ಮಿಕ್ಕಿದ ರೋಗಿಗಳ ಮೇಲೆ ಅದೇ ಪರೀಕ್ಷೆಯನ್ನು ಕಟ್ಟುನಿಟ್ಟಾಗಿ ನಡೆಸಿದರು. ಬೇರೆ ದೇಶಗಳ ಪರೀಕ್ಷೆಗಳೂ ಇದನ್ನು ಅನುಮೋದಿಸಿದವು. ಬ್ರಿಟನ್ನಿನ ನೈಸ್ ಸಂಸ್ಥೆ 2018ರ ಮೇ ತಿಂಗಳಲ್ಲಿ ಈ ಬಳಕೆಗೆ ಒಪ್ಪಿಗೆ ಕೊಟ್ಟಿತು.

ಬೆಳಕು ಅದೇ ಬಗೆಯದು. ಆದರೆ ಅಲ್ಲಿ ಪ್ರಶ್ನೆ ಸ್ಪಷ್ಟವಾಗಿತ್ತು, ಪ್ರಮಾಣ ನಿಗದಿಯಾಗಿತ್ತು, ರೋಗಿಗಳ ಸಂಖ್ಯೆ ಸಾಕಷ್ಟಿತ್ತು. ಮೂಳೆ ಕಸಿಯ ವಿಷಯದಲ್ಲಿ ಆ ಕೆಲಸ ಇನ್ನೂ ಆಗಬೇಕಾಗಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಾಗೆಂದು ಹಾಲೇ ಇಲ್ಲವೆಂದೂ ಅಲ್ಲ.

ರಜೆಯ ಲೆಕ್ಕ, ಮೂಳೆಯ ಲೆಕ್ಕ

ಈ ಇತಿಹಾಸದಿಂದ ನಮ್ಮ ಕುಟುಂಬಗಳು ಏನು ತಿಳಿಯಬೇಕು?

ಮೊದಲನೆಯದು, ವಿಮಾನದ ಟಿಕೆಟ್ಟಿನ ದಿನಾಂಕಕ್ಕೆ ಮೂಳೆ ತಲೆಬಾಗುವುದಿಲ್ಲ. ಲೇಸರ್ ಕೊಟ್ಟಿದ್ದೇವೆಂಬ ಧೈರ್ಯದಿಂದ ಕಾಯುವ ಅವಧಿಯನ್ನು ಮೊಟಕುಗೊಳಿಸಿ ಇಂಪ್ಲಾಂಟಿನ ಮೇಲೆ ಹಲ್ಲು ಕಟ್ಟಿಸಿಕೊಂಡರೆ, ಅದು ಸಡಿಲವಾದಾಗ ಊರಿನ ವೈದ್ಯರು ಐದು ಸಾವಿರ ಮೈಲಿ ದೂರದಲ್ಲಿರುತ್ತಾರೆ. ಒಂದು ರಜೆಯಲ್ಲಿ ಕಸಿ, ಮುಂದಿನ ರಜೆಯಲ್ಲಿ ಇಂಪ್ಲಾಂಟ್ ಎಂದು ಯೋಜಿಸುವುದು ವಿವೇಕ.

ಎರಡನೆಯದು, ಪ್ರಯೋಗಗಳಲ್ಲಿ ಬೆಳಕನ್ನು ಕೊಟ್ಟದ್ದು ಬಹುತೇಕ ಮೊದಲ ಎರಡು ವಾರ, ಪದೇ ಪದೇ, ಅಳೆದು. ಹೊರಡುವ ಹಿಂದಿನ ದಿನ ಒಂದು ಸಲ ತೋರಿಸಿದ ಬೆಳಕಿಗೆ ಆ ಪ್ರಯೋಗಗಳ ಆಧಾರವಿಲ್ಲ. ಎಷ್ಟು ತರಂಗಾಂತರ, ಎಷ್ಟು ಪ್ರಮಾಣ, ಎಷ್ಟು ಸಲ ಎಂದು ವಿನಯದಿಂದ ಕೇಳಿರಿ. ಇಬ್ಬರ ಕಣ್ಣಿಗೂ ರಕ್ಷಣೆಯ ಕನ್ನಡಕ ಇರಲಿ. ಬಾಯಲ್ಲಿ ಮಾಯದ ಹುಣ್ಣೋ ಬಿಳಿಯ ಮಚ್ಚೆಯೋ ಇದ್ದರೆ, ಅದು ಏನೆಂದು ತಿಳಿಯುವವರೆಗೆ ಬೆಳಕಿನ ಚಿಕಿತ್ಸೆ ಬೇಡ.

ಮೂರನೆಯದು, ಕಸಿಯ ಗೆಲುವಿಗೆ ಲೇಸರಿಗಿಂತ ದೊಡ್ಡ ಆಧಾರಗಳಿವೆ: ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆ, ಬಿಟ್ಟ ಸಿಗರೇಟು ಮತ್ತು ಹೊಗೆಸೊಪ್ಪು, ಶುಚಿಯಾದ ವಸಡು. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಚುಚ್ಚುಮದ್ದು ಪಡೆಯುತ್ತಿರುವ ತಾಯಂದಿರು, ಅತ್ತೆಯಂದಿರು ಅದನ್ನು ದಂತವೈದ್ಯರಿಗೆ ತಪ್ಪದೆ ಹೇಳಬೇಕು; ಆ ಔಷಧಗಳು ದವಡೆಯ ಗಾಯ ಮಾಯುವುದನ್ನು ತಡೆಯಬಲ್ಲವು. ತಾವಾಗಿಯೇ ಔಷಧ ನಿಲ್ಲಿಸುವುದೂ ಸರಿಯಲ್ಲ.

ನಾಲ್ಕನೆಯದು, ಆ ರಷ್ಯದ ಯೋಧನ ಪ್ರಶ್ನೆ. ಕಸಿಗೆ ಬಳಸುವ ವಸ್ತು ನಿಮ್ಮದೇ ಮೂಳೆಯಾಗಿರಬಹುದು, ದಾನಿಯದಾಗಿರಬಹುದು, ದನದ ಮೂಳೆಯಿಂದ ಮಾಡಿದ್ದಾಗಿರಬಹುದು, ಪೂರ್ತಿ ಕೃತಕವಾಗಿರಬಹುದು. ಮೇಲೆ ಹೊದಿಸುವ ಪೊರೆ ಹಂದಿಯ ಮೂಲದ್ದಾಗಿರಬಹುದು. ಆಚಾರ, ನಂಬಿಕೆಗಳಿಗೆ ಬೆಲೆ ಕೊಡುವವರು ಇದನ್ನು ಮೊದಲೇ ವಿಚಾರಿಸಬೇಕು. ಆ ಯೋಧ ಕೇಳುವ ಹೊತ್ತಿಗೆ ಕಾಲ ಮಿಂಚಿತ್ತು. ನಮಗೆ ಕೇಳಲು ಅವಕಾಶವಿದೆ, ಪರ್ಯಾಯಗಳೂ ಇವೆ.

ಕೊನೆಯದಾಗಿ, ಕಸಿವಸ್ತುವಿನ ಮತ್ತು ಇಂಪ್ಲಾಂಟಿನ ಹೆಸರು, ಅಳತೆ, ತೆಗೆದ ಎಕ್ಸ್‌ರೇ ಮತ್ತು ಸ್ಕ್ಯಾನುಗಳ ಪ್ರತಿ, ಲೇಸರ್ ಕೊಟ್ಟಿದ್ದರೆ ಅದರ ವಿವರ, ಇವಿಷ್ಟನ್ನೂ ಬರೆಸಿಕೊಂಡು ಬನ್ನಿ. ಇಲ್ಲಿಯ ದಂತವೈದ್ಯರು ಮುಂದೆ ನಿಮ್ಮ ಬಾಯನ್ನು ನೋಡಬೇಕಾದಾಗ ಆ ಒಂದು ಹಾಳೆ ಅವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಸಂಶಯವಿದ್ದವರು ಊರಿಗೆ ಹೊರಡುವ ಮುನ್ನ ಸಂಘದ ವೈದ್ಯರ ಬಳಗವನ್ನು ಕೇಳಬಹುದು. ನಮಗೆ ತಿಳಿದಷ್ಟನ್ನು ಸಂತೋಷದಿಂದ ಹೇಳುತ್ತೇವೆ.